ಆಪರೇಷನ್‌ಗೆ ಮುಂಚೆ ಖಾಲಿ ಹೊಟ್ಟೆ: ಯಾವಾಗ ಏನು ನಿಲ್ಲಿಸಬೇಕು, ಹಂತ ಹಂತವಾಗಿ

ಬೆಳಿಗ್ಗೆ ಆಪರೇಷನ್‌ಗೆ ಬಂದವರನ್ನು ವಾರ್ಡಿನಲ್ಲಿ ನಾನು ಮೊದಲು ಕೇಳುವುದು ಒಂದೇ ಮಾತು. "ಕೊನೆಯದಾಗಿ ಏನು ತಿಂದಿರಿ, ಏನು ಕುಡಿದಿರಿ, ಎಷ್ಟು ಗಂಟೆಗೆ?" ಬಹಳ ಮಂದಿ "ಖಾಲಿ ಹೊಟ್ಟೆ ಸಿಸ್ಟರ್, ಏನೂ ಇಲ್ಲ" ಎನ್ನುತ್ತಾರೆ. ಐದು ನಿಮಿಷ ಬಿಟ್ಟು ಜೊತೆಗೆ ಬಂದ ಮಗಳು "ಅಮ್ಮ, ಐದೂವರೆಗೆ ಕಾಫಿ ಕುಡಿದೆಯಲ್ಲ" ಎಂದು ನೆನಪಿಸುತ್ತಾಳೆ. ಅಮ್ಮನಿಗೆ ಆಶ್ಚರ್ಯ. ಕಾಫಿ ಊಟವೂ ಅಲ್ಲ, ತಿಂಡಿಯೂ ಅಲ್ಲ, ಅಲ್ವಾ? ಆದರೆ ಅದರಲ್ಲಿ ಹಾಲಿದೆ. ಆವತ್ತಿನ ಕೇಸ್ ಮುಂದಕ್ಕೆ ಹೋಗುತ್ತದೆ. ಮಗಳು ರಜೆ ಹಾಕಿರುತ್ತಾಳೆ, ಊರಿಂದ ಬಾಡಿಗೆ ಕಾರು ಮಾಡಿಕೊಂಡು ಬಂದಿರುತ್ತಾರೆ, ಎಲ್ಲ ಇನ್ನೊಂದು ದಿನ ಮತ್ತೆ ಮಾಡಬೇಕು.

ಇದಕ್ಕೆ ಪೂರ್ತಿ ಉಲ್ಟಾ ತಪ್ಪನ್ನೂ ನೋಡುತ್ತೇನೆ. ರಾತ್ರಿ 8ಕ್ಕೆ ಊಟ ಮುಗಿಸಿದವರು ಆಮೇಲೆ ಒಂದು ಗುಟುಕು ನೀರೂ ಕುಡಿಯದೆ ಬರುತ್ತಾರೆ. ಓಟಿಗೆ, ಅಂದರೆ ಆಪರೇಷನ್ ಥಿಯೇಟರ್‌ಗೆ, ಹೋಗುವುದು ಮಧ್ಯಾಹ್ನ. ಅಷ್ಟು ಹೊತ್ತಿಗೆ ನಾಲಿಗೆ ಒಣಗಿ, ತಲೆ ಸಿಡಿದು, ಡ್ರಿಪ್ ಹಾಕಲು ನರವೇ ಸಿಗುವುದಿಲ್ಲ.

ಎರಡೂ ತಪ್ಪಿಗೆ ಬೇರು ಒಂದೇ: "ಉಪವಾಸ" ಎಂಬ ಮಾತು. ನಮ್ಮ ಮನೆಗಳಲ್ಲಿ ಉಪವಾಸ ಅಂದರೆ ಅನ್ನ ಬಿಟ್ಟು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಹಾಲು. ಇನ್ನು ಕೆಲವರ ಮನೆಯಲ್ಲಿ ಉಪವಾಸ ಅಂದರೆ ಹನಿ ನೀರೂ ಇಲ್ಲ. ಆಸ್ಪತ್ರೆಯ ಉಪವಾಸ ಇವೆರಡೂ ಅಲ್ಲ. ಅಲ್ಲಿ ಊಟಕ್ಕೆ ಒಂದು ಗಡುವು, ಹಾಲಿಗೆ ಒಂದು, ನೀರಿಗೆ ಬೇರೆಯೇ ಗಡುವು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಯಾಕೆ ಈ ಕಟ್ಟುನಿಟ್ಟು ಎಂದು ಎರಡು ಮಾತು. ಎಚ್ಚರವಿದ್ದಾಗ ನೀರು ತಪ್ಪಿ ಶ್ವಾಸನಾಳಕ್ಕೆ ಹೋದರೆ ತಕ್ಷಣ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಅರಿವಳಿಕೆ (ಅನಸ್ತೇಶಿಯಾ) ಕೊಟ್ಟಾಗ ಆ ಕೆಮ್ಮು ಇರುವುದಿಲ್ಲ, ಅನ್ನನಾಳದ ಕೆಳಗಿನ ಬಿಗಿಯೂ ಸಡಿಲವಾಗುತ್ತದೆ. ಹೊಟ್ಟೆಯಲ್ಲಿ ಅನ್ನವೋ ಹಾಲೋ ಉಳಿದಿದ್ದರೆ ಆಮ್ಲದ ಸಮೇತ ಮೇಲೆ ಬಂದು ಶ್ವಾಸಕೋಶ ಸೇರಬಹುದು. ಅದು ಅಪರೂಪ. ಆದರೆ ಆದಾಗ ಜೀವಕ್ಕೇ ಕುತ್ತು, ವೆಂಟಿಲೇಟರ್‌ವರೆಗೂ ಹೋಗಬಹುದು.

ಕೈಯಲ್ಲಿ ಇರಬೇಕಾದವು

ಒಂದು ಕಾಗದ, ಪೆನ್ನು, ಅಲಾರಂ ಇರುವ ಫೋನ್. ದಿನಾ ನುಂಗುವ ಎಲ್ಲ ಮಾತ್ರೆಗಳು ಅವುಗಳ ಸ್ಟ್ರಿಪ್ ಸಮೇತ, ಒಂದೇ ಚೀಲದಲ್ಲಿ. ಸಕ್ಕರೆ ಕಾಯಿಲೆ ಇದ್ದರೆ ಗ್ಲುಕೋಮೀಟರ್ ಮತ್ತು ಗ್ಲೂಕೋಸ್ ಪುಡಿ. ನೀರು ಅಳೆಯಲು ಒಂದು ಲೋಟ. ಇದೆಲ್ಲಕ್ಕಿಂತ ಮುಖ್ಯವಾಗಿ ಮನೆಯಲ್ಲಿ ಒಬ್ಬರು, ಒಬ್ಬರೇ, ಈ ಜವಾಬ್ದಾರಿ ಹೊತ್ತುಕೊಳ್ಳಬೇಕು. ನಾಲ್ಕು ಜನ ನೋಡಿಕೊಂಡರೆ "ಅವರು ಹೇಳಿರುತ್ತಾರೆ" ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಹಂತ 1: ನಿಜಕ್ಕೂ ಉಪವಾಸ ಬೇಕಾ ಎಂದು ಕೇಳಿ

ದಿನಾಂಕ ಗೊತ್ತಾದ ದಿನವೇ ಕೇಳಿ: "ಯಾವ ಅನಸ್ತೇಶಿಯಾ ಕೊಡುತ್ತೀರಿ?" ಪೂರ್ತಿ ಎಚ್ಚರ ತಪ್ಪಿಸುವುದು, ಬೆನ್ನಿಗೆ ಇಂಜೆಕ್ಷನ್ ಕೊಡುವುದು, ಎಂಡೋಸ್ಕೋಪಿಗೆ ನಿದ್ದೆ ಬರಿಸುವುದು, ಈ ಮೂರಕ್ಕೂ ಖಾಲಿ ಹೊಟ್ಟೆ ಬೇಕು. ಬೆನ್ನಿಗೆ ಕೊಡುವಾಗ ಎಚ್ಚರವೇ ಇರುತ್ತೇವಲ್ಲ, ಆಗ ಯಾಕೆ ಎಂದು ಕೇಳುತ್ತಾರೆ. ಆ ಇಂಜೆಕ್ಷನ್ ಸಾಲದೆ ಹೋದರೆ ನಡುವೆ ಪೂರ್ತಿ ಅರಿವಳಿಕೆ ಕೊಡಬೇಕಾಗುತ್ತದೆ, ಅದಕ್ಕೆ.

ಹಲ್ಲು ಕೀಳಿಸಲು ಬರೀ ಆ ಜಾಗಕ್ಕೆ ಇಂಜೆಕ್ಷನ್ ಕೊಡುವುದಾದರೆ ಸಾಮಾನ್ಯವಾಗಿ ತಿಂಡಿ ತಿಂದೇ ಹೋಗಬೇಕು. ಕಣ್ಣಿನ ಪೊರೆ ಆಪರೇಷನ್‌ಗೂ ಬಹಳ ಕಡೆ ಡ್ರಾಪ್ಸ್ ಅಥವಾ ಸ್ಥಳೀಯ ಅರಿವಳಿಕೆ ಸಾಕಾಗುತ್ತದೆ, "ಲಘುವಾಗಿ ತಿಂದು ಬನ್ನಿ" ಎಂದೇ ಹೇಳುತ್ತಾರೆ. ಯಾರೂ ಹೇಳದೆ ತಾವಾಗಿ ಉಪವಾಸ ಮಾಡಿ, ಇನ್ಸುಲಿನ್ ಮಾತ್ರ ತಪ್ಪದೆ ಹಾಕಿಕೊಂಡು, ಆಸ್ಪತ್ರೆಯ ಬೆಂಚಿನ ಮೇಲೆ ಬೆವರಿ ಒರಗಿಕೊಂಡ ಅಜ್ಜಂದಿರನ್ನು ನೋಡಿದ್ದೇನೆ. ಸುಮ್ನೆ ಒಂದು ಫೋನ್ ಮಾಡಿ ಕೇಳಿದ್ದರೆ ಆಗಿತ್ತು.

ರಕ್ತ ಪರೀಕ್ಷೆಯ ಲೆಕ್ಕವೇ ಬೇರೆ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆ ಕೇಳುವುದು ಪಿತ್ತಕೋಶ ಸರಿಯಾಗಿ ಕಾಣಲಿ ಎಂದು, ತಿಂದ ಕೂಡಲೇ ಅದು ಮುದುಡಿಕೊಳ್ಳುತ್ತದೆ. ಕೊಲೊನೋಸ್ಕೋಪಿಗೆ ಕರುಳು ತೊಳೆಯುವ ಪುಡಿ, ಹಿಂದಿನ ದಿನಗಳ ಪಥ್ಯ ಎಲ್ಲ ಇರುತ್ತದೆ, ಅದಕ್ಕೆ ಆಸ್ಪತ್ರೆ ಕೊಟ್ಟ ಚೀಟಿಯನ್ನೇ ನೋಡಿ. ಈ ಬರಹ ಅರಿವಳಿಕೆಗೆ ಹೋಗುವವರಿಗೆ.

ಹಂತ 2: ಒಂದು ವಾರ ಮುಂಚೆ ಮಾತ್ರೆಗಳ ಚೀಲ ತೋರಿಸಿ

ಬಹಳ ಜನ ಇದನ್ನು ಹಿಂದಿನ ರಾತ್ರಿಗೆ ಬಿಡುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ, ಯಾಕೆಂದರೆ ಕೆಲವು ಔಷಧಿಗಳನ್ನು ದಿನಗಳ ಮುಂಚೆಯೇ ನಿಲ್ಲಿಸಬೇಕು. ಅನಸ್ತೇಶಿಯಾ ಡಾಕ್ಟರ್ ನೋಡುವ ದಿನ, ಅಂದರೆ ಪಿಎಸಿ ಎನ್ನುತ್ತಾರಲ್ಲ, ಅವತ್ತೇ ಚೀಲ ತೆಗೆದುಕೊಂಡು ಹೋಗಿ. "ಬಿಪಿಗೆ ಒಂದು ಬಿಳಿ ಮಾತ್ರೆ" ಎಂದರೆ ಯಾರಿಗೂ ತಿಳಿಯುವುದಿಲ್ಲ. ಸ್ಟ್ರಿಪ್ಪೇ ತೋರಿಸಿ.

ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಬಾಯಿ ಬಿಟ್ಟು ಹೇಳಿ. ಇವನ್ನು ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಇವು ಮೈಯಲ್ಲಿದ್ದಾಗ ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಆಮ್ಲ ಏರಬಹುದು, ಅದೂ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ತೋರಿಸದೆ. ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಕೊಂಡೂ ಬರುತ್ತವೆ, ಆದ್ದರಿಂದ ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರ ಓದಿ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು ಈಗ ತೂಕ ಇಳಿಸಲೂ ಬಳಕೆಯಾಗುತ್ತಿವೆ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. 8 ಗಂಟೆ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಅನ್ನ ಹಾಗೇ ಕುಳಿತಿರಬಹುದು. ತೂಕಕ್ಕೆ ತೆಗೆದುಕೊಳ್ಳುವುದನ್ನು ಹೇಳಲು ಕೆಲವರಿಗೆ ಸಂಕೋಚ. ದಯವಿಟ್ಟು ಹೇಳಿ, ನಿಮ್ಮ ಉಪವಾಸದ ಲೆಕ್ಕವನ್ನೇ ಅದು ಬದಲಿಸಬಹುದು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಜಾಸ್ತಿ ಹುಳಿತೇಗು ಮತ್ತು ಎದೆಯುರಿ, ಗರ್ಭಿಣಿ, ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆ, ಇವನ್ನೂ ಹೇಳಿ.

ಬಿಪಿ ಮಾತ್ರೆಯಲ್ಲಿ ಎರಡು ಗುಂಪು. ಆಮ್ಲೋಡಿಪಿನ್, ಮೆಟೊಪ್ರೊಲಾಲ್, ಅಟೆನೊಲಾಲ್ ಇವನ್ನು ಹೆಚ್ಚಾಗಿ ಆವತ್ತು ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಇವನ್ನು ಒಂದು ದಿನ ಬಿಡಿಸುವುದು ಉಂಟು, ಅರಿವಳಿಕೆಯಲ್ಲಿ ಬಿಪಿ ತೀರಾ ಇಳಿಯುತ್ತದೆ ಎಂದು. ನಿಮ್ಮ ಮಾತ್ರೆ ಯಾವ ಗುಂಪಿನದು ಎಂದು ನೀವೇ ತೀರ್ಮಾನ ಮಾಡಬೇಡಿ, ಕೇಳಿ ಬರೆಸಿಕೊಳ್ಳಿ. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ ಸಾಮಾನ್ಯವಾಗಿ ತಪ್ಪಿಸುವಂತಿಲ್ಲ. "ಖಾಲಿ ಹೊಟ್ಟೆ ಅಂದ್ರಲ್ಲ, ಅದಕ್ಕೆ ಫಿಟ್ಸ್ ಮಾತ್ರೆ ನುಂಗಲಿಲ್ಲ" ಎಂದವರಿಗೆ ಆಸ್ಪತ್ರೆಯಲ್ಲೇ ಫಿಟ್ಸ್ ಬಂದಿದ್ದನ್ನು ಕಂಡಿದ್ದೇನೆ.

ರಕ್ತ ತೆಳು ಮಾಡುವ ಮಾತ್ರೆಗಳು, ಅಂದರೆ ಕ್ಲೋಪಿಡೋಗ್ರೆಲ್, ವಾರ್ಫರಿನ್, ಆಸ್ಪಿರಿನ್, ಇವನ್ನು ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಲೇಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು.

ಇನ್ಸುಲಿನ್ ಬಗ್ಗೆ: ಊಟಕ್ಕೆ ಮುಂಚೆ ಹಾಕಿಕೊಳ್ಳುವುದನ್ನು ಊಟವಿಲ್ಲದೆ ಹಾಕಿಕೊಂಡರೆ ಸಕ್ಕರೆ ಕುಸಿಯುತ್ತದೆ. ಆದರೆ ದಿನಕ್ಕೊಮ್ಮೆ ಹಾಕುವ ದೀರ್ಘ ಕಾಲದ ಇನ್ಸುಲಿನ್ ಪೂರ್ತಿ ಬಿಟ್ಟರೂ ಅಪಾಯ, ಅದರಲ್ಲೂ ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲೇ ಇರುವ ಟೈಪ್ 1ನವರಿಗೆ. ಹಿಂದಿನ ರಾತ್ರಿ ಎಷ್ಟು ಯೂನಿಟ್, ಬೆಳಿಗ್ಗೆ ಎಷ್ಟು, ಅಂಕಿಯಲ್ಲೇ ಬರೆಸಿಕೊಳ್ಳಿ. "ಸ್ವಲ್ಪ ಕಮ್ಮಿ ಮಾಡಿ" ಎಂಬ ಮಾತಿಗೆ ತೃಪ್ತಿಪಡಬೇಡಿ.

ಹಂತ 3: ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಸಾಮಾನ್ಯ ಲೆಕ್ಕ ಹೀಗಿದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಇದೇ ಇದೆ:

- ಎಣ್ಣೆ, ತುಪ್ಪ, ಮಾಂಸ ಇರುವ ಪೂರ್ತಿ ಊಟ: 8 ಗಂಟೆ ಮುಂಚೆ ಮುಗಿದಿರಬೇಕು
- ಲಘು ತಿಂಡಿ, ಹಸುವಿನ ಹಾಲು, ಡಬ್ಬಿ ಹಾಲು: 6 ಗಂಟೆ
- ತಾಯಿ ಹಾಲು: 4 ಗಂಟೆ
- ನೀರು, ತಿಳಿಯಾದ ಪಾನೀಯ: 2 ಗಂಟೆ

ನಿಮ್ಮ ಆಸ್ಪತ್ರೆ ಇದಕ್ಕಿಂತ ಜಾಸ್ತಿ ಹೊತ್ತು ಹೇಳಿದರೆ ಅವರ ಮಾತೇ ಕೊನೆ. ಆದರೆ ನೀರಿನ ವಿಷಯ ಅವರು ಎತ್ತದೇ ಇದ್ದರೆ ನೀವೇ ಕೇಳಿ: "ನೀರು ಎಷ್ಟು ಗಂಟೆವರೆಗೆ ಕುಡಿಯಬಹುದು?" ಈ ಒಂದು ಪ್ರಶ್ನೆ ಕೇಳುವವರು ಬಹಳ ಕಡಿಮೆ. ಕೇಳಿದರೆ ಉತ್ತರ ಖಂಡಿತ ಸಿಗುತ್ತದೆ.

ಈಗ ಕಾಗದ ತೆಗೆದುಕೊಳ್ಳಿ. ಆಪರೇಷನ್ ಬೆಳಿಗ್ಗೆ 9ಕ್ಕೆ ಎಂದಿಟ್ಟುಕೊಳ್ಳೋಣ. ಪೂರ್ತಿ ಊಟಕ್ಕೆ ಕೊನೆಯ ಗಡುವು ರಾತ್ರಿ 1. ಹಾಲು, ಬಿಸ್ಕತ್ತಿಗೆ ಬೆಳಗಿನ ಜಾವ 3. ಅಂದರೆ ರಾತ್ರಿ ಊಟ ಆದ ಮೇಲೆ ಇವಕ್ಕೆ ಅವಕಾಶವೇ ಇಲ್ಲ ಎಂದೇ ತಿಳಿಯಿರಿ. ನೀರಿಗೆ ಬೆಳಿಗ್ಗೆ 7. ಈ ಮೂರು ಗಂಟೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ನೀರಿನ ಗಡುವಿಗೆ 15 ನಿಮಿಷ ಮುಂಚೆ ಅಲಾರಂ ಇಡಿ.

"ರಾತ್ರಿ 12ರ ಮೇಲೆ ಏನೂ ಬೇಡ" ಎಂಬ ಮಾತಿನಲ್ಲಿ ಒಂದು ಬಲೆ ಇದೆ. 12ರವರೆಗೆ ತಿನ್ನಬಹುದು ಎಂದುಕೊಂಡು, ನಾಳೆ ಹೇಗೂ ಉಪವಾಸ ಅಲ್ವಾ ಎಂದು, 11:45ಕ್ಕೆ ಮಟನ್ ಬಿರಿಯಾನಿ ಮುಗಿಸಿ ಬಂದವರಿದ್ದಾರೆ. ಅವರ ಕೇಸ್ ಬೆಳಿಗ್ಗೆ 7:30ಕ್ಕೆ ಇತ್ತು. ಎಣಿಸಿ ನೋಡಿ, 8 ಗಂಟೆ ಆಗಲೇ ಇಲ್ಲ.

ಮಧ್ಯಾಹ್ನದ ಕೇಸ್ ಆದರೆ ಬೆಳಿಗ್ಗೆ ಲಘು ತಿಂಡಿಗೆ ಅವಕಾಶ ಇರಬಹುದು, ಮಧ್ಯಾಹ್ನ 2ಕ್ಕೆ ಆದರೆ 7ರೊಳಗೆ ಎರಡು ಇಡ್ಲಿಯೋ ಬರೀ ಬ್ರೆಡ್ಡೋ. ಆದರೆ ಇಲ್ಲೊಂದು ಎಚ್ಚರಿಕೆ. ಓಟಿ ಲಿಸ್ಟ್ ತಡವಾಗುವಂತೆ ಬೇಗವೂ ಆಗುತ್ತದೆ. ಮೊದಲಿನ ಕೇಸ್ ಕ್ಯಾನ್ಸಲ್ ಆದರೆ ನಿಮ್ಮನ್ನು 11ಕ್ಕೇ ಕರೆಯಬಹುದು. ಅದಕ್ಕೇ "ನನ್ನನ್ನು ಎಲ್ಲಕ್ಕಿಂತ ಬೇಗ ಎಷ್ಟು ಗಂಟೆಗೆ ಕರೆಯಬಹುದು" ಎಂದು ಕೇಳಿ, ಆ ಗಂಟೆಯಿಂದ ಎಣಿಸಿ.

ಹಂತ 4: ಹಿಂದಿನ ದಿನ

ಹಗಲಿಡೀ ಚೆನ್ನಾಗಿ ನೀರು ಕುಡಿಯಿರಿ. ಇದನ್ನು ಮರೆತು ಬೆಳಿಗ್ಗೆ ಒಂದೇ ಸಲ ಒಂದು ಬಾಟಲಿ ಕುಡಿದರೆ ಪ್ರಯೋಜನವಿಲ್ಲ.

ರಾತ್ರಿ ಊಟ 8ರಿಂದ 8:30ರೊಳಗೆ, ದಿನಾ ಉಣ್ಣುವುದಕ್ಕಿಂತ ಸ್ವಲ್ಪ ಕಡಿಮೆ. ಅನ್ನ, ತಿಳಿಸಾರು, ಒಂದು ಪಲ್ಯ ಸಾಕು. ಮುದ್ದೆ ಅಭ್ಯಾಸ ಇರುವವರು ಚಿಕ್ಕ ಮುದ್ದೆ, ಬೇಳೆ ಸಾರು. ಹೋಳಿಗೆ, ಬೋಂಡ, ಬಾಡೂಟ ಆಪರೇಷನ್ ಮುಗಿದ ಮೇಲೆ ಇದ್ದೇ ಇದೆ. ನೋಡಲು ಬಂದ ನೆಂಟರು "ನಾಳೆ ಏನೂ ತಿನ್ನೋ ಹಾಗಿಲ್ಲ, ಈಗಲೇ ಇನ್ನೊಂದು ತುತ್ತು" ಎಂದು ಬಲವಂತ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಆದರೂ ಬೇಡ ಎನ್ನಿ.

ಮಲಗುವ ಮುಂಚೆ ಹಾಲು ಕುಡಿಯುವ ಅಭ್ಯಾಸ ಇದ್ದರೆ ಊಟದ ಜೊತೆಯಲ್ಲೇ ಮುಗಿಸಿ. ಹೆಂಡ, ಬಿಯರ್, ವಿಸ್ಕಿ ಯಾವುದೂ ಬೇಡ. ಬೀಡಿ ಸಿಗರೇಟು ಎಷ್ಟು ದಿನ ಮುಂಚೆ ಬಿಟ್ಟರೆ ಅಷ್ಟು ಒಳ್ಳೆಯದು.

ಹಂತ 5: ಬೆಳಿಗ್ಗೆ, ನೀರಿನ ಗಡುವಿನವರೆಗೆ

ಹೆಚ್ಚಿನವರು ತಪ್ಪುವುದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಎದ್ದು ಹಲ್ಲು ಉಜ್ಜಿ. ಉಜ್ಜಬಹುದು, ಬಾಯಿ ಮುಕ್ಕಳಿಸಿ ಉಗಿಯಿರಿ. ಆಮೇಲೆ ಗಡುವಿನೊಳಗೆ ಒಂದು ಲೋಟ ನೀರು ನಿಧಾನವಾಗಿ ಕುಡಿಯಿರಿ. ಬರೆದುಕೊಟ್ಟ ಮಾತ್ರೆಗಳನ್ನೂ ಆಗಲೇ ನುಂಗಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಮಿತಿ ಮೀರಬೇಡಿ.

ತಿಳಿಯಾದ ಪಾನೀಯ ಅಂದರೇನು? ಗಾಜಿನ ಲೋಟಕ್ಕೆ ಹಾಕಿ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಬರಬೇಕು. ನೀರು ಸರಿ. ನೀರಿಗೆ ಕಲಸಿದ ಗ್ಲೂಕೋಸ್, ಓಆರ್‌ಎಸ್ ಸರಿ, ಆದರೆ ಸಕ್ಕರೆ ಕಾಯಿಲೆಯವರು ಕೇಳದೆ ಕುಡಿಯಬಾರದು. ಹಾಲಿಲ್ಲದ ಕಪ್ಪು ಕಾಫಿ, ಹಾಲಿಲ್ಲದ ಟೀ ಇವನ್ನೂ ತಿಳಿ ಪಾನೀಯ ಎಂದೇ ಲೆಕ್ಕ ಹಾಕುತ್ತಾರೆ. ಕಾಫಿ ಬಿಟ್ಟರೆ ತಲೆನೋವು ಬರುವವರಿಗೆ ಇದೊಂದು ದಾರಿ, ನಿಮ್ಮ ಡಾಕ್ಟರ್ ಒಪ್ಪಿದರೆ. ಒಂದು ಚಮಚ ಹಾಲು ಬಿದ್ದರೂ ಅದು ಹಾಲಿನ ಲೆಕ್ಕಕ್ಕೇ ಹೋಯಿತು ಎಂದುಕೊಂಡು ನಡೆಯುವುದು ಕ್ಷೇಮ.

ಮಜ್ಜಿಗೆ ಎಷ್ಟೇ ನೀರಾಗಿದ್ದರೂ ತಿಳಿ ಅಲ್ಲ. ಗಂಜಿ ಅಲ್ಲ. ರಾಗಿ ಅಂಬಲಿ ಅಲ್ಲ. ತಿರುಳಿರುವ ಹಣ್ಣಿನ ಜ್ಯೂಸ್ ಅಲ್ಲ. ಕಷಾಯ ಅಂದರೆ ಔಷಧಿ ಎಂದು ಧೈರ್ಯವಾಗಿ ಕುಡಿಯುತ್ತಾರೆ. ನಮ್ಮ ಮಲೆನಾಡು, ಕರಾವಳಿ ಕಡೆ ಕಷಾಯಕ್ಕೆ ಹಾಲು ಬೀಳುತ್ತದಲ್ಲ, ಅದೂ ಬೇಡ. ಎಳನೀರು ನೋಡಲು ತಿಳಿಯಾಗಿರುತ್ತದೆ, ಆದರೆ ಒಳಗಿನ ಎಳೆ ತಿರುಳಿನ ಚೂರು ಸೇರಿರುತ್ತದೆ, ಪೊಟ್ಯಾಶಿಯಂ ಬೇರೆ ಜಾಸ್ತಿ. ಕೇಳದೆ ಕುಡಿಯಬೇಡಿ, ಕಿಡ್ನಿ ತೊಂದರೆ ಇರುವವರಂತೂ ಬೇಡವೇ ಬೇಡ.

ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ, ಚ್ಯೂಯಿಂಗ್ ಗಮ್ ಇವನ್ನು ಯಾರೂ ತಿನ್ನುವುದರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಗಿದರೆ ಜೊಲ್ಲು ಸುರಿಯುತ್ತದೆ, ರಸ ಹೊಟ್ಟೆಗೆ ಹೋಗುತ್ತದೆ, ಬಾಯಲ್ಲಿ ಚೂರು ಉಳಿಯುತ್ತದೆ. ಅಜ್ಜಿಯರ ಎಲೆಅಡಿಕೆ ಚೀಲವನ್ನು ಆವತ್ತು ಒಂದು ದಿನ ಮನೆಯಲ್ಲೇ ಬಿಟ್ಟು ಬರುವ ಹಾಗೆ ನೋಡಿಕೊಳ್ಳಿ.

ಗಡುವು ಮುಗಿಯಿತಾ? ಇನ್ನು ನೀರೂ ಇಲ್ಲ. ತುಟಿ ಒಣಗಿದರೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ.

ಹಂತ 6: ಆಸ್ಪತ್ರೆಯ ದಾರಿ, ಮತ್ತು ಕಾಯುವ ಹೊತ್ತು

ದಾರಿಯಲ್ಲಿ ದೇವಸ್ಥಾನಕ್ಕೆ ಹೋಗಿ ಬರುವವರು ಬಹಳ. ಹೋಗಿ, ಕೈ ಮುಗಿಯಿರಿ. ಆದರೆ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ ಇದೆ. ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ಜೊತೆಯವರ ಕೈಗೆ ಕೊಡಿ, ವಾರ್ಡಿಗೆ ಮರಳಿ ಊಟ ಶುರು ಮಾಡುವಾಗ ತೆಗೆದುಕೊಳ್ಳಬಹುದು. "ದೇವರ ಪ್ರಸಾದ ಸಿಸ್ಟರ್, ಬೇಡ ಅನ್ನೋಕಾಗುತ್ತಾ" ಎಂದು ಒಬ್ಬ ಯಜಮಾನರು ನನ್ನ ಮುಂದೆ ಕಣ್ಣೀರು ಹಾಕಿದ್ದರು. ಅವರ ಮನಸ್ಸು ಅರ್ಥವಾಗುತ್ತದೆ. ಅದಕ್ಕೇ ಮುಂಚೆಯೇ ಹೇಳುತ್ತಿದ್ದೇನೆ.

ಆಸ್ಪತ್ರೆ ತಲುಪಿದ ಕೂಡಲೇ ಹಂತ 3ರ ಕಾಗದವನ್ನು ಸಿಸ್ಟರ್ ಕೈಗೆ ಕೊಡಿ. ಕೊನೆಯ ಊಟ, ಕೊನೆಯ ನೀರು, ನುಂಗಿದ ಮಾತ್ರೆ, ಎಲ್ಲದರ ಗಂಟೆ ಅದರಲ್ಲಿರಲಿ.

ತಪ್ಪಿ ಏನಾದರೂ ತಿಂದಿದ್ದರೆ ಈಗಲೇ ಹೇಳಿ. ಎಷ್ಟು ಗಂಟೆಗೆ, ಎಷ್ಟು, ಏನು. ಬೈಯುತ್ತಾರೆ ಎಂದು ಮುಚ್ಚಿಡಬೇಡಿ, ದಯವಿಟ್ಟು. ಹೇಳಿದರೆ ಕೆಲವು ಗಂಟೆ ತಡವಾಗಿ ಮಾಡುತ್ತಾರೆ, ಇಲ್ಲ ಮರುದಿನ ಮಾಡುತ್ತಾರೆ, ಅಷ್ಟೇ. ಮುಚ್ಚಿಟ್ಟರೆ ಅದು ಗೊತ್ತಾಗುವುದು ಓಟಿ ಟೇಬಲ್ ಮೇಲೆ. ಹಿರಿಯರನ್ನು ಕರೆತಂದ ಮಕ್ಕಳಿಗೆ ಒಂದು ಮಾತು: "ತಿಂದಿಲ್ಲ ತಾನೇ?" ಎಂದು ಗದರಿಸಿ ಕೇಳಬೇಡಿ, ಹಾಗೆ ಕೇಳಿದರೆ "ಇಲ್ಲ" ಎಂದೇ ಹೇಳುತ್ತಾರೆ. "ಬೆಳಿಗ್ಗೆ ಬಾಯಿಗೆ ಏನೇನು ಹಾಕಿಕೊಂಡಿರಿ?" ಎಂದು ಮೆತ್ತಗೆ ಕೇಳಿ.

ಇನ್ನು ತಡವಾದಾಗ. ಇದು ನನ್ನ ಮನೆಯಲ್ಲೇ ಆಗಿದೆ. ನಮ್ಮ ಮಾವನವರ ಹರ್ನಿಯಾ ಆಪರೇಷನ್ ಬೆಳಿಗ್ಗೆ 8ಕ್ಕೆ ಎಂದಿತ್ತು, ಬೇರೊಂದು ಊರಿನ ಆಸ್ಪತ್ರೆ. ಹಿಂದಿನ ರಾತ್ರಿ 9ರಿಂದ ನೀರೂ ಕುಡಿದಿರಲಿಲ್ಲ. ಎಮರ್ಜೆನ್ಸಿ ಕೇಸ್ ಬಂತು, ಇನ್ಶೂರೆನ್ಸ್ ಅಪ್ರೂವಲ್ ತಡವಾಯಿತು, ಕರೆದದ್ದು ಮಧ್ಯಾಹ್ನ 2ಕ್ಕೆ. 17 ಗಂಟೆ. ನಾನು ಆವತ್ತು ಡ್ಯೂಟಿಯಲ್ಲಿದ್ದೆ, ಜೊತೆಗಿದ್ದವರು ಕೇಳಲು ಹೆದರಿದರು. ತಡ ಆಗುವುದು ಸಹಜ, ಆದರೆ ಒಂದು ಪ್ರಶ್ನೆ ಕೇಳಬಹುದಿತ್ತು: "ಸಿಸ್ಟರ್, ಇನ್ನು ಎರಡು ಗಂಟೆಗಿಂತ ಜಾಸ್ತಿ ಆಗುತ್ತದೆ ಎಂದರೆ ಅನಸ್ತೇಶಿಯಾ ಡಾಕ್ಟರನ್ನು ಕೇಳಿ ಸ್ವಲ್ಪ ನೀರು ಕೊಡಬಹುದಾ, ಅಥವಾ ಡ್ರಿಪ್ ಹಾಕಬಹುದಾ?" ಹೀಗೆ ಕೇಳುವುದು ನಿಮ್ಮ ಹಕ್ಕು. ನೀವಾಗಿ ಕುಡಿಸಬೇಡಿ, ಕೇಳಿ ಕುಡಿಸಿ.

ಸಕ್ಕರೆ ಕಾಯಿಲೆ ಇದ್ದರೆ ಬೆಳಗಿನ ಮೊದಲ ಕೇಸ್ ಮಾಡಿ ಎಂದು ಮುಂಚೆಯೇ ವಿನಂತಿಸಿ. ಕಾಯುವಾಗ ಒಂದೆರಡು ಗಂಟೆಗೊಮ್ಮೆ ಸಕ್ಕರೆ ನೋಡಿಸಿ.

ಹಂತ 7: ಮಕ್ಕಳಾದರೆ

ಮಕ್ಕಳಿಗೆ ಹಸಿವು ತಡೆಯುವುದಿಲ್ಲ, ನೋಡುವವರಿಗೂ ಕರುಳು ಚುರ್ ಎನ್ನುತ್ತದೆ. ಅದಕ್ಕೇ ಗಡುವಿಗಿಂತ ಜಾಸ್ತಿ ಉಪವಾಸ ಕೆಡವಬಾರದು. ಆಪರೇಷನ್ 9ಕ್ಕೆ ಇದ್ದು ಎದೆಹಾಲು ಕುಡಿಯುವ ಕೂಸಾದರೆ 4:30ಕ್ಕೆ ಅಲಾರಂ ಇಟ್ಟು ಎಬ್ಬಿಸಿ ಹಾಲು ಕೊಡಿ, 5ರೊಳಗೆ ಮುಗಿಸಿ. ನಿದ್ದೆ ಮಾಡಲಿ ಪಾಪ ಎಂದು ಬಿಟ್ಟರೆ 7ಕ್ಕೆ ಎದ್ದು ಅಳುತ್ತದೆ, ಆಗ ಕೊಡುವ ಹಾಗಿಲ್ಲ. ದೊಡ್ಡ ಮಕ್ಕಳಿಗೆ 6:30ಕ್ಕೆ ನೀರು ಕುಡಿಸಿ. ಮಕ್ಕಳಿಗೆ ಒಂದು ಗಂಟೆ ಮುಂಚಿನವರೆಗೂ ನೀರು ಬಿಡುವ ಆಸ್ಪತ್ರೆಗಳಿವೆ, ಕೇಳಿ ನೋಡಿ.

ಕಾರಿನಲ್ಲಿ, ಚೀಲದಲ್ಲಿ, ಮಗುವಿನ ಜೇಬಿನಲ್ಲಿ ಬಿಸ್ಕತ್ತು ಚಾಕೊಲೇಟು ಇದೆಯಾ ನೋಡಿ. ಅಜ್ಜ ಅಜ್ಜಿಗೆ, ಅಣ್ಣ ಅಕ್ಕಂದಿರಿಗೆ ಮೊದಲೇ ಹೇಳಿಡಿ. ಮಗುವಿನ ಎದುರು ಬೇರೆ ಯಾರೂ ತಿನ್ನಬೇಡಿ.

ತಡಮಾಡದೆ ಹೇಳಬೇಕಾದ ಲಕ್ಷಣಗಳು

ಬೆವರು, ಕೈ ನಡುಕ, ಎದೆ ಡವಡವ, ಮಾತು ತೊದಲುವುದು, ಇದ್ದಕ್ಕಿದ್ದಂತೆ ಸಿಡುಕು, ಗೊಂದಲ. ಇವು ಸಕ್ಕರೆ ಇಳಿದ ಲಕ್ಷಣ. 70ಕ್ಕಿಂತ ಕೆಳಗಿದ್ದರೆ ಉಪವಾಸ ಮುರಿಯುತ್ತದೆ ಎಂದು ನೋಡುತ್ತಾ ಕೂರಬೇಡಿ. ಮನೆಯಲ್ಲಿದ್ದು ನುಂಗಲು ಆಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಗ್ಲೂಕೋಸ್ ನೀರಿಗೆ ಕಲಸಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಸ್ಪತ್ರೆಗೆ ಫೋನ್ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿದ್ದರೆ ಸಿಸ್ಟರನ್ನು ಕೂಗಿ, ನರಕ್ಕೇ ಗ್ಲೂಕೋಸ್ ಕೊಡುತ್ತಾರೆ.

ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಇದ್ದರೆ, ಅದರಲ್ಲೂ ಹಂತ 2ರಲ್ಲಿ ಹೇಳಿದ ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆ ನುಂಗುವವರಲ್ಲಿ, ಸಕ್ಕರೆ ಸರಿ ಇದ್ದರೂ ಹೇಳಿ. ಹಿಂದಿನ ರಾತ್ರಿ ಜ್ವರ, ಕಫ, ಕೆಮ್ಮು ಶುರುವಾಗಿದ್ದರೆ ಹೊರಡುವ ಮುಂಚೆಯೇ ಫೋನ್ ಮಾಡಿ. ಮಗು ಮಂಕಾಗಿ, ಬಹಳ ಹೊತ್ತಿನಿಂದ ಮೂತ್ರ ಮಾಡದಿದ್ದರೆ ಅದು ನೀರಿನಂಶ ಕಡಿಮೆಯಾದದ್ದು.

ಹಂತ 8: ಆದ ಮೇಲೆ ಮೊದಲ ತುತ್ತು

ಅರಿವಳಿಕೆಯ ಮತ್ತು ಇಳಿದ ಕೂಡಲೇ ಹಸಿವು ಎಂದು ಕೇಳುತ್ತಾರೆ. ಡಾಕ್ಟರ್ "ಶುರು ಮಾಡಿ" ಎನ್ನುವವರೆಗೆ ಕಾಯಿರಿ. ಕರುಳಿನ ಆಪರೇಷನ್ ಆಗಿದ್ದರೆ ಜಾಸ್ತಿ ಹೊತ್ತು ಆಗಬಹುದು. ಮೊದಲು ಎದ್ದು ಕೂರಿಸಿ ಒಂದೆರಡು ಗುಟುಕು ನೀರು. ವಾಕರಿಕೆ ಇಲ್ಲದಿದ್ದರೆ ಆಮೇಲೆ ಗಂಜಿ, ಇಡ್ಲಿ, ಮೆತ್ತನೆ ಅನ್ನ.

ಎಂಡೋಸ್ಕೋಪಿ ಮಾಡಿಸಿಕೊಂಡವರಿಗೆ ಗಂಟಲಿಗೆ ಸ್ಪ್ರೇ ಹೊಡೆದಿರುತ್ತಾರೆ. ಅರ್ಧ ಗಂಟೆಯಿಂದ ಒಂದು ಗಂಟೆ ಗಂಟಲು ಜೋಮು ಹಿಡಿದಂತಿರುತ್ತದೆ. ಆ ಜೋಮು ಪೂರ್ತಿ ಹೋಗುವ ಮುಂಚೆ ಕುಡಿದರೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ, ಬಿಸಿ ಕಾಫಿಯಾದರೆ ಬಾಯಿ ಸುಡುವುದೂ ಗೊತ್ತಾಗುವುದಿಲ್ಲ. ಎಷ್ಟು ಹೊತ್ತು ಕಾಯಬೇಕು ಎಂದು ಸಿಸ್ಟರನ್ನು ಕೇಳಿ, ಮೊದಲು ತಣ್ಣನೆ ನೀರು ಒಂದು ಗುಟುಕು, ಕೆಮ್ಮಿಲ್ಲದೆ ಇಳಿದರೆ ಮುಂದಕ್ಕೆ. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸಬೇಡಿ, 24 ಗಂಟೆ ಬಿಡಿ.

ನಿಲ್ಲಿಸಿದ್ದ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ ಯಾವತ್ತು ಮತ್ತೆ ಶುರು ಮಾಡಬೇಕು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳದೆ ಹೊರಡಬೇಡಿ. ಮನೆಗೆ ಹೋದ ಮೇಲೆ ಬಿಡದ ಕೆಮ್ಮು, ಉಸಿರಾಡಲು ಕಷ್ಟ, ಜ್ವರ, ನಿಲ್ಲದ ವಾಂತಿ ಬಂದರೆ, ಎಂಡೋಸ್ಕೋಪಿ ಆದವರಿಗೆ ಎದೆ ಅಥವಾ ಹೊಟ್ಟೆಯಲ್ಲಿ ಜೋರು ನೋವು, ರಕ್ತ ವಾಂತಿ, ಕಪ್ಪು ಮಲ ಕಂಡರೆ, ಬೆಳಿಗ್ಗೆವರೆಗೆ ನೋಡೋಣ ಎನ್ನದೆ ಆ ರಾತ್ರಿಯೇ ಆಸ್ಪತ್ರೆಗೆ ಬನ್ನಿ.